ಕೆಳಗಿನ ಮಂಚದ ಗೃಹಪ್ರವೇಶ

ಆಗ ನನಗೆ ಅರವತ್ತೊಂದು ವರ್ಷ. ಇದು ನಡೆದು ಮೂರು ವರ್ಷವಾಯಿತು. ಮೊಣಕಾಲು ಆಗಲೂ ನೋಯುತ್ತಿತ್ತು, ಈಗಲೂ ನೋಯುತ್ತದೆ. ಅದನ್ನು ಬರೆಯಲು ಕೂತಿಲ್ಲ. ಫುಟ್‌ಬಾಲ್ ಟೀಮಿನ ಯಜಮಾನನೊಬ್ಬ ತನ್ನ ಆಟಗಾರರಿಗೆ ದುಡ್ಡು ಮುಟ್ಟಿಸಲು ಏನೇನು ವೇಷ ಕಟ್ಟಿದ, ಅದರಲ್ಲಿ ನಾನು ಹೇಗೆ ಸಿಕ್ಕಿಕೊಂಡೆ ಅನ್ನುವುದನ್ನು ಬರೆಯಬೇಕು. ನಾನು ಓದಿದ್ದು ಎರಡನೇ ಕ್ಲಾಸು. ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ಒದ್ದಾಡಿಕೊಂಡು ಬರುತ್ತದೆ. ಒತ್ತು ತಪ್ಪಿದ್ದರೆ ಪುಸ್ತಕ ಮಾಡುವವರು ತಿದ್ದಿಕೊಳ್ಳಲಿ.

ದುಬೈನ ದೇರಾದಲ್ಲಿ, ಮಸಾಲೆ ಅಂಗಡಿಗಳ ಹಿಂದಿನ ಬೀದಿಯಲ್ಲಿ, ಒಂದು ಮುದ್ದೆ ಹೋಟೆಲು. ಅಲ್ಲಿ ಮುದ್ದೆ ತಿರುವುತ್ತಿದ್ದವಳು ನಾನು. ಹೋಟೆಲಿನ ಯಜಮಾನ ನಮ್ಮ ಮಂಡ್ಯದ ಕಡೆಯವನೇ. ನನಗೂ ಅವನಿಗೂ ನೆಂಟಸ್ತನವೇನಿಲ್ಲ, ಆದರೂ ದೊಡ್ಡವ್ವ ಅನ್ನುತ್ತಿದ್ದ. ನಾನು ಅವನನ್ನು ಮಗಾ ಅನ್ನುತ್ತಿದ್ದೆ. ಮಗನ ವಯಸ್ಸಿನವನಲ್ಲ, ಐವತ್ತು ದಾಟಿದ್ದ. ಬುದ್ಧಿ ಮಾತ್ರ ಆ ವಯಸ್ಸಿನದಾಗಿರಲಿಲ್ಲ.

ಅಲ್ಲಿನ ಕನ್ನಡದವರು ಚಳಿಗಾಲ ಬಂತೆಂದರೆ ಫುಟ್‌ಬಾಲ್ ಪಂದ್ಯ ನಡೆಸುತ್ತಾರೆ. ಎಂಟು ಟೀಮು, ಟೀಮಿಗೊಬ್ಬ ಯಜಮಾನ, ಒಂದೊಂದು ಕಡೆ ಏಳೇಳು ಜನ. ಆಡುವವರಲ್ಲಿ ಮುಕ್ಕಾಲು ಪಾಲು ಮಂಗಳೂರು, ಉಡುಪಿ ಕಡೆಯವರು. ವಾರವೆಲ್ಲ ಅಂಗಡಿ, ಗೋಡೌನು ಅಂತ ದುಡಿದು ಶನಿವಾರ ಭಾನುವಾರ ಬೂಟು ಕಟ್ಟುವವರು. ನಮ್ಮ ಯಜಮಾನನಿಗೆ ಚೆಂಡು ಒದೆಯಲು ಬಾರದು. ಒಮ್ಮೆ ಒದೆಯಲು ಹೋಗಿ ಅವನ ಚಪ್ಪಲಿ ಗೋಲಿನೊಳಗೆ ಬಿತ್ತು, ಚೆಂಡು ಇದ್ದಲ್ಲೇ ಇತ್ತು. ಆದರೂ ಟೀಮು ಬೇಕು ಅಂತ ಕೊಂಡ.

ಅವನು ಕೊಂಡ ವರ್ಷವೇ ಕಮಿಟಿಯವರು ಒಂದು ಗೆರೆ ಎಳೆದರು. ಹಿಂದಿನ ವರ್ಷ ಟೈಲ್ಸ್ ಅಂಗಡಿಯವನೊಬ್ಬ ದುಡ್ಡು ಸುರಿದು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡಿದ್ದ. ಉಳಿದ ಏಳು ಟೀಮಿಗೆ ಮಿಕ್ಕಿದ್ದು ಏದುಸಿರಿನವರು, ಹೊಟ್ಟೆ ಬಂದವರು. ಒಂಬತ್ತು ಗೋಲು, ಹತ್ತು ಗೋಲು ಹೊಡೆಸಿಕೊಂಡು ಅತ್ತೂ ಅತ್ತೂ ಸಾಕಾಗಿ ಕಮಿಟಿಗೆ ಹೋದರು. ಕಮಿಟಿ ಹೇಳಿತು: ಯಾವ ಯಜಮಾನನೂ ಆಟಗಾರರಿಗೆಲ್ಲ ಸೇರಿ ಸೀಸನ್ನಿಗೆ ಆರು ಸಾವಿರ ದಿರಾಮಿಗಿಂತ ಹೆಚ್ಚು ಕೊಡಕೂಡದು. ಕೊಟ್ಟದ್ದು ಗೊತ್ತಾದರೆ ಟೀಮು ಹೊರಗೆ. ಹೊರಗಿನವರು ಯಾರಾದರೂ ಅಂಗಿಯ ಮೇಲೆ ಜಾಹೀರಾತು ಹಾಕಿಸಿ ದುಡ್ಡು ಕೊಟ್ಟರೆ ಅದು ಲೆಕ್ಕಕ್ಕಿಲ್ಲ.

ನನಗೆ ನ್ಯಾಯವಾಗಿಯೇ ಕಂಡಿತು. ಯಜಮಾನನಿಗೆ ಕಾಣಲಿಲ್ಲ.

“ನನ್ ದುಡ್ಡು, ನನ್ ಟೀಮು. ಕೊಡಬ್ಯಾಡ ಅನ್ನಕೆ ಇವರ್‍ಯಾರು ದೊಡ್ಡವ್ವ?”

“ನನ್ ಸಂಬಳ ವಸಿ ಏರ್ಸು ಅಂದಾಗ ನೀನು ಗೆರೆ ಎಳೆದ್ಯಲ್ಲ. ಈಗ ಗೊತ್ತಾಯ್ತಾ ಎಂಗಿರ್ತದೆ ಅಂತ?”

ಅವನು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಹೋಟೆಲಿನ ಟೀವಿ ನೋಡಿ ನೋಡಿ ಅವನಿಗೆ ಬೇರೆ ಜ್ಞಾನ ಹುಟ್ಟಿತ್ತು. ದೊಡ್ಡ ದೇಶಗಳ ದೊಡ್ಡ ಕ್ಲಬ್ಬುಗಳಿಗೂ ಇಂಥ ಗೆರೆ ಇದೆಯಂತೆ. ಅಲ್ಲಿನ ಯಜಮಾನರು ಏನು ಮಾಡುತ್ತಾರೆ ಅಂತ, ನಾನು ಸೊಪ್ಪು ಬಿಡಿಸುತ್ತಿದ್ದಾಗ ಎದುರಿಗೆ ಕುರ್ಚಿ ಎಳೆದುಕೊಂಡು ಪಾಠ ಮಾಡಿದ.

“ಅಂವ ನೇರವಾಗಿ ಕೊಡಂಗಿಲ್ಲ. ಅದಕ್ಕೇ ಅವನದೇ ಇನ್ನೊಂದು ಕಂಪ್ನಿ ಇರ್ತದಲ್ಲ, ಅದರ ಹೆಸರ್‍ನ ಅಂಗಿ ಮ್ಯಾಲೆ ಆಕುಸ್ತಾನೆ. ಆ ಕಂಪ್ನಿ ಟೀಮಿಗೆ ದುಡ್ಡು ಕೊಡ್ತದೆ. ಮೈದಾನಕ್ಕೂ ಅದೇ ಹೆಸರು ಇಡ್ತಾನೆ, ಅದಕ್ಕೂ ದುಡ್ಡು. ಅದು ಸಂಬಳ ಅಲ್ಲ ದೊಡ್ಡವ್ವ, ಜಾಹೀರಾತು.”

“ಅಂದ್ರೆ ಬಲಗೈ ಕೊಡದು, ಎಡಗೈ ಈಸ್ಕೊಳದು.”

“ಹೂಂ. ಆದ್ರೆ ಎರಡೂ ಕೈಗೂ ಬ್ಯಾರೆ ಬ್ಯಾರೆ ಬೋರ್ಡು.”

ಮುಂದಿನ ವಾರ ನಮ್ಮ ಟೀಮಿನ ಅಂಗಿ ಬಂತು. ಎದೆಯ ಮೇಲೆ ಅವನ ಹೋಟೆಲು, ಬೆನ್ನ ಮೇಲೆ ಅವನ ಭಾಮೈದನ ಟೈರ್ ಅಂಗಡಿ, ಒಂದು ತೋಳಿಗೆ ಹೆಂಡತಿಯ ಟೈಲರಿಂಗು, ಇನ್ನೊಂದು ತೋಳಿಗೆ ಷಡ್ಡಕನ ಮೊಬೈಲ್ ರಿಪೇರಿ. ಆಟಗಾರನ ನಂಬರು ಹಾಕಲು ಜಾಗವಿಲ್ಲದೆ ಚಡ್ಡಿಗೆ ಹಾಕಿಸಿದ್ದ. ಕಮಿಟಿಯವರು ಮೊದಲ ಪಂದ್ಯದಲ್ಲೇ ನಕ್ಕು, ಎರಡನೇ ಪಂದ್ಯಕ್ಕೆ ಹೊಸ ಸಾಲು ಬರೆದು ಅಂಟಿಸಿದರು: ಯಜಮಾನನ ನೆಂಟರು ಕೊಟ್ಟದ್ದು ಯಜಮಾನನೇ ಕೊಟ್ಟ ಹಾಗೆ.

ಆಮೇಲೆ ಒಬ್ಬ ಆಟಗಾರನನ್ನು ಹೋಟೆಲಿನಲ್ಲಿ ಕೆಲಸಕ್ಕೆ ಇಟ್ಟುಕೊಂಡೆ ಅಂತ ಬರೆಸಿದ. ಈರುಳ್ಳಿ ಮೇಲ್ವಿಚಾರಣೆಯಂತೆ. ಸಂಬಳ ನನಗಿಂತ ಜಾಸ್ತಿ. ಕಮಿಟಿಯವರಲ್ಲಿ ಇಬ್ಬರು ನೋಡಲು ಬಂದು, “ಒಂದು ಈರುಳ್ಳಿ ಹೆಚ್ಚಿ ತೋರಿಸು ನೋಡುವ” ಅಂದರು. ಅವನು ಸಿಪ್ಪೆ ತೆಗೆಯದೆ ಹೆಚ್ಚಿದ. ಇನ್ನೊಂದು ಸಾಲು ಅಂಟಿತು.

ಈ ಸಾಲುಗಳು ಅಂಟುತ್ತಿದ್ದದ್ದು ಕಮಿಟಿ ಹಿರಿಯರ ಅಂಗಡಿಯ ಗೋಡೆಗೆ. ಅವರದು ದೇರಾದಲ್ಲೇ ಅತ್ತರಿನ ಅಂಗಡಿ. ಮಂಗಳೂರು ಕಡೆಯ ಬ್ಯಾರಿ ಸಾಹೇಬರು, ಎಲ್ಲರೂ ಹಾಜಿಯವರು ಅನ್ನುತ್ತಿದ್ದರು. ಬಿಳಿ ಗಡ್ಡ, ಮೆತ್ತನೆ ಮಾತು. ಕಣ್ಣು ಮಾತ್ರ ತಕ್ಕಡಿ.

ಇಷ್ಟರಲ್ಲಿ ನಮ್ಮ ಟೀಮಿನ ಗೋಲು ಕಾಯುವವನ, ಅಂದರೆ ಗೋಲಿಯ ವಿಷಯ ಹೇಳಬೇಕು. ಈ ಕಥೆಯಲ್ಲಿ ನಿಜವಾಗಿ ಏನಾದರೂ ಕಳೆದುಕೊಳ್ಳುವುದಿದ್ದರೆ ಅದು ಅವನೊಬ್ಬನಿಗೆ. ಉಡುಪಿ ಕಡೆಯವನು, ವಯಸ್ಸು ನಲವತ್ತೊಂದು, ಮದುವೆಯಾಗಿರಲಿಲ್ಲ. ಹಗಲು ಒಂದು ಬಿಲ್ಡಿಂಗಿನ ಬಾಗಿಲು ಕಾಯುತ್ತಿದ್ದ, ವಾರದ ಕೊನೆಗೆ ಗೋಲು ಕಾಯುತ್ತಿದ್ದ. ಏಳು ವರ್ಷ, ನಾಲ್ಕು ಟೀಮು. ಒಂದು ಸಲವೂ ಫೈನಲ್ ಆಡಿರಲಿಲ್ಲ. ಆ ವರ್ಷ ಬಿಲ್ಡಿಂಗಿನವರು ಸೆಕ್ಯುರಿಟಿ ಕಂಪನಿ ಬದಲಾಯಿಸಿದ್ದರಿಂದ ಅವನ ಕೆಲಸ ಮುಗಿಯುವುದಿತ್ತು. ಪಂದ್ಯ ಮುಗಿದ ಮುಂದಿನ ತಿಂಗಳು ಊರಿಗೆ.

“ಈ ಸಲ ಇಲ್ಲ ಅಂದ್ರೆ ಇನ್ನು ಇಲ್ಲ ದೊಡ್ಡಮ್ಮ. ಫೈನಲ್ ಒಂದು ಆಡ್ಬೇಕು. ಸೋತ್ರೂ ಅಡ್ಡಿಲ್ಲ. ಆಡ್ಬೇಕು,” ಅನ್ನುತ್ತಿದ್ದ.

“ಆಡು. ಮೊದ್ಲು ತಟ್ಟೆ ಖಾಲಿ ಮಾಡು,” ಅನ್ನುತ್ತಿದ್ದೆ.

ಅವನಿಗೆ ಬೇರೆ ಟೀಮಿನವರು ಗಾಳ ಹಾಕುತ್ತಿದ್ದರು. ಯಜಮಾನನ ಆರು ಸಾವಿರ ಆಗಲೇ ಖರ್ಚಾಗಿತ್ತು. ಅವನನ್ನೂ ಉಳಿದ ನಾಲ್ವರು ಒಳ್ಳೆಯವರನ್ನೂ ಉಳಿಸಿಕೊಳ್ಳಬೇಕು, ಗೆರೆ ದಾಟುವಂತಿಲ್ಲ. ಆಗ ಯಜಮಾನನಿಗೆ ಮುಯ್ಯಿ ನೆನಪಾಯಿತು.

ನಮ್ಮ ಕಡೆ ಮದುವೆ, ನಾಮಕರಣ, ಗೃಹಪ್ರವೇಶ ಏನಾದರೂ ಆದರೆ ಬಂದವರು ಮುಯ್ಯಿ ಹಾಕುತ್ತಾರೆ. ಅದು ದಾನವಲ್ಲ, ಕೂಲಿಯೂ ಅಲ್ಲ. ಇವತ್ತು ನಾನು ನಿನ್ನ ಮನೆಗೆ ಹಾಕಿದ್ದನ್ನು ನಾಳೆ ನನ್ನ ಮನೆಯ ಕಾರ್ಯಕ್ಕೆ ನೀನು ತಿರುಗಿ ಹಾಕಬೇಕು, ಒಂದು ರೂಪಾಯಿ ಮೇಲೆ ಇಟ್ಟು.

“ಮುಯ್ಯಿ ಹಾಕಬ್ಯಾಡಿ ಅಂತ ಯಾವ ಕಮಿಟಿ ಹೇಳ್ತದೆ ದೊಡ್ಡವ್ವ?” ಅಂದ. ಮುಖ ತೊಳೆದ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತಿತ್ತು.

ಅಲ್ಲಿಂದ ನಮ್ಮ ಟೀಮಿನಲ್ಲಿ ಶುಭಕಾರ್ಯಗಳ ಸುರಿಮಳೆ. ಒಬ್ಬನ ಮಗುವಿಗೆ ಊರಿನಲ್ಲಿ ತೊಟ್ಟಿಲು ಶಾಸ್ತ್ರ. ಇಲ್ಲಿ ಹೋಟೆಲಿನ ಮೇಜಿನ ಮೇಲೆ ಫೋನು ನಿಲ್ಲಿಸಿ, ಫೋನಿನೊಳಗಿನ ತೊಟ್ಟಿಲಿಗೆ ನಾವು ಅಕ್ಷತೆ ಹಾಕಿದೆವು. ಯಜಮಾನನ ಮುಯ್ಯಿ ಐನೂರ ಒಂದು ದಿರಾಮು. ಇನ್ನೊಬ್ಬನಿಗೆ ಆರನೇ ಸಲಕ್ಕೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು. ಲೈಸೆನ್ಸಿಗೆ ಕುಂಕುಮ ಹಚ್ಚಿ ಆರತಿ ಎತ್ತಿದೆವು. ಐನೂರ ಒಂದು. ಮತ್ತೊಬ್ಬನ ನಿಶ್ಚಿತಾರ್ಥ, ಹುಡುಗಿ ಇನ್ನೂ ಒಪ್ಪಿರಲಿಲ್ಲ. ಏಳುನೂರ ಒಂದು. ನಾಲ್ಕನೆಯವನಿಗೆ ಯಾವ ಕಾರ್ಯವೂ ಸಿಗದೆ, ಹುಳುಕು ಹಲ್ಲು ಕೀಳಿಸಿದ್ದಕ್ಕೆ ಊಟ ಹಾಕಿಸಿದರು. ಮುನ್ನೂರ ಒಂದು. ಅವನು ಆ ಊಟ ಮಾಡಲಾಗದೆ ಮಜ್ಜಿಗೆ ಕುಡಿದ.

ಅಡುಗೆ ನನ್ನದು. ಮೂರನೆಯ ಕಾರ್ಯದ ಹೊತ್ತಿಗೆ ನನಗೆ ಎಲ್ಲ ಅರ್ಥವಾಗಿತ್ತು. ಬಾಯಿ ಬಿಡಲಿಲ್ಲ. ಅಷ್ಟು ವರ್ಷ ಆ ಅಡುಗೆಮನೆಯಲ್ಲಿ ಬೆಂದವಳಿಗೆ ಅಷ್ಟು ನಗು ಯಾವತ್ತೂ ಸಿಕ್ಕಿರಲಿಲ್ಲ.

ಎಲ್ಲಕ್ಕೂ ಮೇಲಿನದು ಗೋಲಿಯದು. ಮದುವೆಯಿಲ್ಲ, ಮಗುವಿಲ್ಲ, ಹಲ್ಲೂ ಗಟ್ಟಿ. ಅವನಿದ್ದದ್ದು ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಅಲ್ಲಿ ಬಿಲ್ಡಿಂಗುಗಳ ಗುಂಪಿಗೆ ದೇಶಗಳ ಹೆಸರು, ಇವನು ಚೈನಾದವನು. ಒಂದು ಕೋಣೆ, ಆರು ಜನ, ಮೂರು ಅಂತಸ್ತಿನ ಮಂಚ. ಆ ತಿಂಗಳು ಕೆಳಗಿನ ಮಂಚದವನು ಊರಿಗೆ ಹೋದ, ಇವನು ಮೇಲಿನದರಿಂದ ಕೆಳಗಿಳಿದ.

“ಸಾಕಲ್ಲ!” ಅಂದ ಯಜಮಾನ. “ಗೃಹಪ್ರವೇಶ!”

ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಮಂಚದ ಕಂಬಕ್ಕೆ ಮಾವಿನೆಲೆ ಕಟ್ಟಿದೆವು. ಎಲೆ ಕೇರಳದವರ ಅಂಗಡಿಯಿಂದ ತಂದದ್ದು, ನಾಲ್ಕು ಎಲೆಗೆ ಆರು ದಿರಾಮು, ಹಗಲುಗಳ್ಳರು. ಎಲ್ಲರಿಗೂ ಸೇರಿದ ಒಲೆಯಲ್ಲಿ ಹಾಲು ಉಕ್ಕಿಸಿದೆವು. ಊದುಬತ್ತಿಗೆ ಹೊಗೆಯ ಗಂಟೆ ಹೊಡೆದುಕೊಂಡಿತು. ಮೂರು ಮಹಡಿಯ ಜನ ಕೆಳಗೆ ಓಡಿದರು, ಯಾಕೆ ಅಂತ ತಿಳಿದ ಮೇಲೆ ಹೋಳಿಗೆ ತಿನ್ನಲು ಮೇಲೆ ಓಡಿದರು. ಗೋಲಿ ಹೊಸ ಪಂಚೆ ಉಟ್ಟು, ಬಲಗಾಲು ಮುಂದಿಟ್ಟು ಮಂಚ ಹತ್ತಿದ. ಹತ್ತಿದವನು ಅಭ್ಯಾಸಬಲದಿಂದ ಮೇಲಿನ ಮಂಚಕ್ಕೇ ಹೊರಟ, ಕಾಲು ಹಿಡಿದು ಎಳೆದೆವು.

ಊಟಕ್ಕೆ ಕರೆಯುವ ಕೆಲಸ ನನ್ನದಾಗಿತ್ತು. ನನಗೆ ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟು ಗೊತ್ತಿಲ್ಲ. ಹಿಂದಿನ ಶನಿವಾರ ಮೈದಾನದಲ್ಲಿ ಯಾರ್‍ಯಾರಿದ್ದರೋ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಅತ್ತರಿನ ಹಾಜಿಯವರು ಬಂದರು. ಅಬುಧಾಬಿ ಟೀಮಿನ ಯಜಮಾನನೂ ಬಂದ. ಅವನು ಬೆಂಗಳೂರಿನವನು, ಕಂಪ್ಯೂಟರ್ ಆಫೀಸಿನ ಕೆಲಸ, ಕೊರಳಲ್ಲಿ ಯಾವಾಗಲೂ ಟೈ. ಇಬ್ಬರೂ ಹೊಟ್ಟೆ ತುಂಬ ಉಂಡು ಮುಯ್ಯಿ ಹಾಕಿದರು. ನಮ್ಮ ಯಜಮಾನ ಎಲ್ಲರೆದುರು ಎದ್ದು ಸಾವಿರದ ಒಂದು ದಿರಾಮು ಗೋಲಿಯ ಕೈಗಿಟ್ಟು, ನನ್ನ ಕಡೆ ತಿರುಗಿ, “ಬರ್ಕೊ ದೊಡ್ಡವ್ವ,” ಅಂದ.

ಬರೆದುಕೊಂಡೆ. ಐದು ಕಾರ್ಯಕ್ಕೂ ಬರೆದಿದ್ದೆ. ಬರೆಯದೆ ಮುಯ್ಯಿ ಹಾಕುವುದು ನಮ್ಮ ಕಡೆಯವರ ಕೈಲಾಗದು; ಅವನ ಕೈಲೂ ಆಗಲಿಲ್ಲ, ನನ್ನ ಕೈಲೂ ಆಗಲಿಲ್ಲ. ಬೇರೆ ಯಾವ ದೇಶದ ಯಜಮಾನನಾದರೂ ಕದ್ದು ಕೊಡುವ ದುಡ್ಡನ್ನು ಕದ್ದೇ ಕೊಡುತ್ತಾನೆ. ನಮ್ಮವನು ದೀಪ ಹಚ್ಚಿ, ಜನ ಸೇರಿಸಿ, ಊಟ ಹಾಕಿಸಿ, ಪುಸ್ತಕದಲ್ಲಿ ಬರೆಸಿ ಕೊಟ್ಟ.

ಪುಸ್ತಕ ನೂರು ಹಾಳೆಯದು. ಹೆಸರು ಬರೆಯುವುದು ನನಗೆ ಕಷ್ಟ, ಅದಕ್ಕೆ ಚಿತ್ರ ಬರೆಯುತ್ತಿದ್ದೆ. ಯಜಮಾನನಿಗೆ ಒಂದು ಉಂಡೆ ಮುದ್ದೆ. ಗೋಲಿಗೆ ಬಲೆ. ಹಾಜಿಯವರಿಗೆ ಅತ್ತರಿನ ಶೀಶೆ. ಅಬುಧಾಬಿಯವನಿಗೆ ಟೈ. ಚಿತ್ರದ ಮುಂದೆ ಅಂಕಿ.

ನಮ್ಮವರು ಗೆಲ್ಲುತ್ತಾ ಹೋದರು. ಸೆಮಿಫೈನಲ್ಲಿನಲ್ಲಿ ಗೋಲಿ ಹಾವಿನ ಹಾಗೆ ಮಲಗಿ ಮಲಗಿ ಚೆಂಡು ಹಿಡಿದ. ಫೈನಲ್ಲಿಗೆ ಬಂದೆವು. ಎದುರಿಗೆ ಅಬುಧಾಬಿ. ಗೋಲಿ ಹೋಟೆಲಿಗೆ ಓಡಿ ಬಂದು, ನನ್ನ ಕೈಯಲ್ಲಿ ಮುದ್ದೆ ಕೋಲು ಇರುವುದನ್ನೂ ನೋಡದೆ, ನನ್ನನ್ನು ಹಿಡಿದು ಒಂದು ಸುತ್ತು ತಿರುಗಿಸಿದ. ಕೋಲು ತಗುಲಿ ಟ್ಯೂಬ್‌ಲೈಟು ಒಡೆಯಿತು.

ಆ ಟೈನವನು ಗುರುವಾರ ದೂರು ಕೊಟ್ಟ. ಗೃಹಪ್ರವೇಶದಲ್ಲಿ ಸಾವಿರದ ಒಂದು ದಿರಾಮು ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದು ಸಂಬಳ, ಗೆರೆ ದಾಟಿದ್ದಾರೆ, ಟೀಮು ಹೊರಗೆ ಹಾಕಿ ಅಂತ. ಮೂರು ಹೋಳಿಗೆ ತಿಂದಿದ್ದ ಬಾಯಿ.

ಸಂಜೆ ಹಾಜಿಯವರ ಅಂಗಡಿಯಲ್ಲಿ ಪಂಚಾಯಿತಿ. ಶನಿವಾರ ಫೈನಲ್. ಯಜಮಾನ ದಾರಿಯುದ್ದಕ್ಕೂ ನನ್ನ ಬೆನ್ನು ಹತ್ತಿದ.

“ಪುಸ್ತಕ ಕಳೆದೋಯ್ತು ಅಂದ್ಬಿಡು ದೊಡ್ಡವ್ವ.”

“ಮುಯ್ಯಿ ಪುಸ್ತಕ ಕಳಕೊಂಡೋಳು ಅಂತ ನನ್ನ ಆಡ್ಕೊಳ್ಳಲಿ ಅಂತಾನಾ? ಸುಮ್ಕೆ ನಡಿ.”

ಗೋಲಿ ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದ. ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದ. ಎಲ್ಲಿ ಹೋದರೂ ಬಾಗಿಲ ಹತ್ತಿರವೇ ನಿಲ್ಲುವ ಅಭ್ಯಾಸ.

ಹಾಜಿಯವರು ಪುಸ್ತಕ ತೆರೆದು ಕನ್ನಡಕ ಹಾಕಿಕೊಂಡರು.

“ಇದು ಎಂಥದು? ಈ ಗೋಲ?”

“ಮುದ್ದೆ. ಅಂದ್ರೆ ನಮ್ಮ ಯಜಮಾನ.”

“ಸರಿಯಾಗಿಯೇ ಬರೆದಿದ್ದೀರಿ,” ಅಂದರು. ಹಾಳೆ ತಿರುಗಿಸಿದರು, ಮುದ್ದೆಗಳ ಮುಂದಿನ ಅಂಕಿಗಳನ್ನು ಬಾಯಲ್ಲೇ ಕೂಡಿದರು. “ಮೂರು ಸಾವಿರದ ಐದು. ಆರು ಸಾವಿರದ ಮೇಲೆ ಮೂರು ಸಾವಿರದ ಐದು. ಇದು ದೊಡ್ಡ ವಿಷಯ ಮಾರಾಯ್ರೆ.”

“ಕ್ಲಿಯರ್ ಆಗಿದೆಯಲ್ಲ ಸಾರ್,” ಅಂದ ಟೈನವನು. “ಯಾವ ಹೆಸರಲ್ಲಿ ಕೊಟ್ಟರೂ ಸ್ಯಾಲರಿ ಸ್ಯಾಲರೀನೇ. ರೂಲ್ಸ್ ಅಂದ್ರೆ ರೂಲ್ಸ್.”

ಯಜಮಾನ ಬಾಯಿ ತೆರೆದ. ನಾನು ಅವನ ತೊಡೆ ಚಿವುಟಿದೆ.

“ಸಾಹೇಬ್ರೆ, ಗೃಹಪ್ರವೇಶದ ಹಾಳೆ ಪೂರ್ತಿ ಓದಿ. ಬಲೆ ಬರೆದಿದೀನಲ್ಲ, ಅದರ ಕೆಳಗೆ.”

ಅವರು ಓದಿದರು. “ಮುದ್ದೆ, ಸಾವಿರದ ಒಂದು. ಇದು ಎಂಥ, ಟೈಯಾ? ಟೈ, ಐವತ್ತೊಂದು.”

“ಅದು ಇವಪ್ಪ,” ಅಂದೆ. “ಎದುರು ಟೀಮಿನ ಯಜಮಾನ ನಮ್ಮ ಗೋಲಿಗೆ ಐವತ್ತೊಂದು ದಿರಾಮು ಸಂಬಳ ಕೊಟ್ಟವ್ನೆ. ಯಾಕೆ ಕೊಟ್ಟ? ಫೈನಲ್ಲಲ್ಲಿ ಚೆಂಡು ಬಿಡು ಅಂತಾನಾ?”

“ಅಯ್ಯೋ ಆಂಟಿ! ಅದು ಗಿಫ್ಟು! ಎಲ್ಲಾರೂ ಹಾಕ್ತಿದ್ರು, ಪಕ್ಕದೋರು ಒಂದು ರೂಪಾಯಿ ಸೇರಿಸಿ ಹಾಕಿ ಅಂದ್ರು, ಹಾಕ್ದೆ!”

“ನೀನ್ ಹಾಕಿದ್ರೆ ಗಿಫ್ಟು, ಅಂವ ಹಾಕಿದ್ರೆ ಸಂಬಳ. ಚೆಂದಾಗದೆ. ಇನ್ನೊಂದು ಸಾಲು ಓದಿ ಸಾಹೇಬ್ರೆ.”

ಹಾಜಿಯವರು ಓದಲಿಲ್ಲ. ಅಲ್ಲಿ ಶೀಶೆಯ ಚಿತ್ರವಿತ್ತು, ಮುಂದೆ ಇಪ್ಪತ್ತೊಂದು. ಗಡ್ಡ ನೀವಿಕೊಂಡರು. ಅಂಗಡಿಯಲ್ಲಿದ್ದವರೆಲ್ಲ ಶೀಶೆಗಳ ಕಡೆ ನೋಡುತ್ತಾ ನಗು ನುಂಗುತ್ತಿದ್ದರು. ಟೀಮಿನ ಕಡೆಯವನೊಬ್ಬನಿಗೆ ತಡೆಯಲಾಗದೆ ಮೂಗಿನಿಂದ ಬಂತು.

ಹಾಜಿಯವರು ಪುಸ್ತಕ ಮುಚ್ಚಿ, “ನೋಡಿ, ನಾನು ಸುಳ್ಳಿಗೆ ಮೊಹರು ಹಾಕುವವ ಅಲ್ಲ,” ಅಂದರು. “ಸಂಬಳ ಆದ್ರೆ ತಿರುಗಿ ಬರುದಿಲ್ಲ. ಈ ನಿಮ್ಮ ಮುಯ್ಯಿ ತಿರುಗಿ ಬರ್ತದಾ ಅಮ್ಮ? ಸತ್ಯ ಹೇಳಿ.”

“ಬರ್ಲೇಬೇಕು. ಒಂದು ಕಾಸು ಮೇಲೆ ಇಟ್ಕೊಂಡು.”

“ಹಾಗಾದ್ರೆ ಸುಲಭ. ಫೈನಲಿನ ಮೊದಲು ಇವರ ಮನೆಯಲ್ಲಿ ಒಂದು ಕಾರ್ಯ ಆಗ್ಲಿ. ಐದು ಜನರೂ ತಿರುಗಿ ಹಾಕ್ಲಿ. ಹಾಕಿದ್ರೆ ಅದು ಮುಯ್ಯಿ, ಟೀಮು ಆಡ್ತದೆ. ಹಾಕದಿದ್ರೆ ಅದು ಸಂಬಳ, ಖಲಾಸ್.”

ಯಜಮಾನ ಅತ್ತ ಐದು ಜನರ ಮುಖ ನೋಡಿದ. ಅವರು ಇತ್ತ ನೆಲ ನೋಡಿದರು. ದುಡ್ಡೆಲ್ಲ ಅವತ್ತವತ್ತೇ ಊರಿಗೆ ಹೋಗಿ ಆಗಿತ್ತು. ಯಜಮಾನ ನನ್ನ ಕಿವಿಗೆ ಬಗ್ಗಿ, “ನಾನೇ ಅವರಿಗೆ ಮೂರು ಸಾವಿರ ಕೊಟ್ರೆ, ಅವರು ಅದ್ನೇ ನನಗೆ ಮುಯ್ಯಿ ಹಾಕಬೋದಲ್ವಾ?” ಅಂದ.

“ಅದೂ ಸಂಬಳ ಆಯ್ತದೆ ಮುಟ್ಠಾಳ,” ಅಂದೆ. ಗಟ್ಟಿಯಾಗಿಯೇ ಅಂದೆನೆಂದು ಕಾಣುತ್ತದೆ, ಎಲ್ಲರೂ ತಿರುಗಿದರು.

ಬಾಗಿಲ ಹತ್ತಿರದಿಂದ ಗೋಲಿ ಮೆಲ್ಲಗೆ, “ನನ್ನತ್ರ ಇಲ್ಲ ಹಾಜಿಯವ್ರೆ. ತಂಗಿಯ ಮನೆಗೆ ಶೀಟು ಹಾಕ್ಸಿದೆ. ಹೇಗೆ ಕೊಡುದು?” ಅಂದ.

ಆ ಹೊತ್ತಿನಲ್ಲಿ ನನಗೆ ಗದ್ದೆ ನೆನಪಾಯಿತು. ನಮ್ಮೂರಿನಲ್ಲಿ ದುಡ್ಡಿಲ್ಲದವರು ಮುಯ್ಯಾಳು ಹೋಗುತ್ತಾರೆ. ನಿನ್ನ ನಾಟಿಗೆ ನಾನು ಬಂದೆ, ನನ್ನ ನಾಟಿಗೆ ನೀನು ಬಾ. ಅದಕ್ಕೆ ಕೂಲಿ ಕಟ್ಟುವುದಿಲ್ಲ. ಆಳಿಗೆ ಆಳು, ದಿನಕ್ಕೆ ದಿನ.

“ದುಡ್ಡು ಇಲ್ದೋರು ಮೈ ಬಗ್ಗಿಸಿ ತೀರುಸ್ತಾರೆ ಸಾಹೇಬ್ರೆ. ನಮ್ಮ ಕಡೆ ಅದಕ್ಕೂ ಲೆಕ್ಕ ಒಂದೇ. ನಾಳೆ ಶುಕ್ರವಾರ, ಹೋಟ್ಲಲ್ಲಿ ಕಾರ್ಯ ಮಾಡ್ತೀವಿ. ಐದೂ ಜನ ಬಂದು ಹೆಚ್ಲಿ, ತೊಳೀಲಿ, ಮುದ್ದೆ ಕಟ್ಲಿ. ಕೊನೆಗೆ ಒಂದೊಂದು ದಿರಾಮು ಮೇಲೆ ಹಾಕ್ಲಿ.”

“ಈರುಳ್ಳಿ ಹೆಚ್ಚಿದ್ರೆ ಸಾವಿರ ದಿರಾಮ್ ತೀರತ್ತಾ?” ಅಂದ ಟೈನವನು.

“ನೀನು ಬಂದು ಹೆಚ್ಚಿ ನೋಡು. ಆಮೇಲೆ ರೇಟು ನೀನೇ ಹೇಳು.”

ಹಾಜಿಯವರು ಅಂಗೈಯಿಂದ ಮೇಜು ತಟ್ಟಿದರು. “ಆಯ್ತು. ದೂರು ಕೊಟ್ಟವರು ಬಂದು ನೋಡ್ಲಿ. ಅಮ್ಮ ಸಾಕು ಅಂದ ಮೇಲೆ ಸಾಕು. ಮತ್ತೆ ಮುಂದಿನ ವರ್ಷದಿಂದ ಮುಯ್ಯಿಯೂ ಗೆರೆಯೊಳಗೆ. ಬರೆಯಿರಿ.” ಗೋಡೆಗೆ ಇನ್ನೊಂದು ಸಾಲು ಅಂಟಿತು. ಅಷ್ಟು ಹೊತ್ತಿಗೆ ಆ ಗೋಡೆಯಲ್ಲಿ ಅತ್ತರಿಗಿಂತ ಕಾಗದವೇ ಹೆಚ್ಚಿತ್ತು.

ಕಾರ್ಯ ಯಾವುದು ಅನ್ನುವುದೊಂದು ಉಳಿದಿತ್ತು. ಹುಡುಕಿ ಹುಡುಕಿ ಹೋಟೆಲಿನ ಊಟ ಸಾಗಿಸುವ ವ್ಯಾನಿಗೆ ಎರಡನೇ ಸಲ ಪೂಜೆ ಇಟ್ಟೆವು. ವ್ಯಾನಿನ ಮೊದಲ ಪೂಜೆಯಾಗಿ ಎರಡೇ ತಿಂಗಳಾಗಿತ್ತು, ಪಾಪ, ಅದಕ್ಕೇನು ಗೊತ್ತು. ಇನ್ನೂರು ಜನರಿಗೆ ಊಟ. ಅದರ ಖರ್ಚು ಯಜಮಾನನಿಗೆ ಮುಯ್ಯಿಗಿಂತ ಹೆಚ್ಚಾಯಿತು. ಊಟ ಹಾಕಿಸಬಾರದು ಅಂತ ಯಾವ ಗೆರೆಯೂ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಐವರೂ ಬಂದರು. ಗೋಲಿ ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದ. ನಾನು ದಯೆ ತೋರಲಿಲ್ಲ. ಲೈಸೆನ್ಸಿನವನಿಗೆ ಎರಡು ಮೂಟೆ ಈರುಳ್ಳಿ. ತೊಟ್ಟಿಲಿನವನಿಗೆ ತೆಂಗಿನಕಾಯಿ ತುರಿ. ನಿಶ್ಚಿತಾರ್ಥದವನಿಗೆ ದೊಡ್ಡ ಕೊಪ್ಪರಿಗೆ. ಒಳಗಿಳಿದು ಉಜ್ಜುತ್ತಿದ್ದಾಗ ಹುಡುಗಿಯ ಫೋನು ಬಂತು, ಕೊಪ್ಪರಿಗೆಯೊಳಗಿಂದ ಅವನ “ಹಲೋ” ಗುಡಿಯ ಗಂಟೆಯ ಹಾಗೆ ಮೊಳಗಿತು. ಹಲ್ಲಿನವನಿಗೆ ಅವರೆಕಾಳು ಸುಲಿಯಲು ಕೊಟ್ಟೆ. ಗೋಲಿಯನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಮುದ್ದೆ ಕಟ್ಟಲು ಕಲಿಸಿದೆ.

“ಸುಡ್ತದೆ ದೊಡ್ಡಮ್ಮ!”

“ಚೆಂಡು ಅಂದ್ಕೊ. ಬಿಟ್ರೆ ಗೋಲು.”

ಆಮೇಲೆ ಒಂದನ್ನೂ ಬಿಡಲಿಲ್ಲ.

ಹನ್ನೊಂದು ಗಂಟೆಗೆ ಟೈನವನು ಅಬುಧಾಬಿಯಿಂದ ಕಾರಿನಲ್ಲಿ ಬಂದು ಬಾಗಿಲಲ್ಲಿ ಕೈ ಕಟ್ಟಿ ನಿಂತ. ನಮ್ಮ ಕಡೆ ಕಾರ್ಯದ ಮನೆಗೆ ಮೊದಲೇ ಬಂದವರು ಕೈ ಕಟ್ಟಿ ನಿಲ್ಲುವ ಪದ್ಧತಿಯಿಲ್ಲ.

“ಏನಪ್ಪ, ನೋಡಕೆ ಬಂದ್ಯಾ? ಕೈ ತೊಳ್ಕೊ.”

“ಇಲ್ಲ ಆಂಟಿ, ನಾನು ಅಬ್ಸರ್ವರ್…”

“ಟೈ ಒಳಗೆ ಸಿಕ್ಕಿಸ್ಕೊ, ಸಾರಿಗೆ ಬಿದ್ದಾತು.”

ಒಂದು ಗಂಟೆಯಾಗುವಷ್ಟರಲ್ಲಿ ಅವನೂ ಮುದ್ದೆ ಕಟ್ಟುತ್ತಿದ್ದ. ಗೋಲಿ ಹತ್ತು ಕಟ್ಟಿದರೆ ಅವನದು ಒಂದು, ಅದೂ ಮೊಟ್ಟೆಯಾಕಾರ. ಅಂಗೈ ಕೆಂಪಗೆ ಊದಿತು. ಅದಕ್ಕೆ ಗಾಳಿ ಊದಿಕೊಳ್ಳುತ್ತಾ, “ಆಂಟಿ, ನಮ್ಮಜ್ಜಿ ಮನೇಲಿ ಹಿಂಗೇ ಬೈತಿದ್ರು,” ಅಂದ. “ಅವರು ಬೈದಿದ್ದು ಸಾಲದು,” ಅಂದೆ. ಅವನು ನಕ್ಕಾಗ ಹಿಟ್ಟು ಮೂಗಿಗೆ ಹಾರಿತು.

ಊಟವಾದ ಮೇಲೆ ಐವರೂ ವ್ಯಾನಿನ ಮುಂದೆ ಸಾಲಾಗಿ ಬಂದು ಯಜಮಾನನ ಕೈಗೆ ಒಂದೊಂದು ದಿರಾಮು ಹಾಕಿದರು. ಹಾಜಿಯವರು ನನ್ನ ಕಡೆ ನೋಡಿದರು.

“ಸಾಕಾ ಅಮ್ಮ?”

ಕೊಪ್ಪರಿಗೆಗೆ ಬೆರಳು ತೀಡಿ ನೋಡಿದೆ. ತಳದಲ್ಲಿ ಸ್ವಲ್ಪ ಜಿಡ್ಡಿತ್ತು. ಗೋಲಿ ನನ್ನ ಬೆರಳನ್ನೇ ನೋಡುತ್ತಿದ್ದ. ಊದಿಕೊಂಡ ಎರಡು ಕೈಯನ್ನೂ ನೀರಿನ ಬೋಗುಣಿಯಲ್ಲಿ ಅದ್ದಿಕೊಂಡಿದ್ದ.

“ಸಾಕು,” ಅಂದೆ. ಆ ಜಿಡ್ಡನ್ನು ಆಮೇಲೆ ನಾನೇ ತೊಳೆದೆ.

“ಅಭ್ಯಂತರ ಉಂಟಾ?” ಅಂತ ಹಾಜಿಯವರು ಟೈನವನನ್ನು ಕೇಳಿದರು.

ಅವನು ಅಂಗೈ ಎತ್ತಿ ತೋರಿಸಿ, “ಇದಕ್ಕೆ ಸಾವಿರ ದಿರಾಮ್ ಕಮ್ಮೀನೇ ಸಾರ್,” ಅಂದ.

ಶನಿವಾರ ಸಂಜೆ ಫೈನಲ್. ಅಲ್ ನಹ್ದಾದ ಕಡೆ ಬಾಡಿಗೆಯ ಮೈದಾನ, ಹುಲ್ಲು ಪ್ಲಾಸ್ಟಿಕ್ಕಿನದು. ನಮ್ಮ ಐವರಲ್ಲಿ ಒಬ್ಬನ ಕಣ್ಣು ಈರುಳ್ಳಿಯಿಂದ ಇನ್ನೂ ಕೆಂಪಗಿತ್ತು, ಇನ್ನೊಬ್ಬನಿಗೆ ಸೊಂಟ ಬಗ್ಗುತ್ತಿರಲಿಲ್ಲ. ಅಬುಧಾಬಿಯವರು ಆ ಕೆಂಪು ಕಣ್ಣು ನೋಡಿ ಕೋಪ ಅಂದುಕೊಂಡು ದೂರ ದೂರ ಹೋಗುತ್ತಿದ್ದರು. ನಾನು ಗೋಲಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತೆ. ಫುಟ್‌ಬಾಲ್ ನನಗೆ ತಿಳಿಯದು. ಒಂದು ಚೆಂಡು, ಹದಿನಾಲ್ಕು ಜನ, ಒಬ್ಬನಿಗೂ ಕೈಯಲ್ಲಿ ಎತ್ತಿಕೊಂಡು ಹೋಗುವ ಬುದ್ಧಿಯಿಲ್ಲ. ಆದರೂ ಕೂಗಿದೆ. “ಬಾಗ್ಲಾಕ್ಲಾ! ಬಾಗ್ಲಾಕೊ!” ಅಂತ ಕೂಗಿ ಕೂಗಿ ಗಂಟಲು ಬಿತ್ತು. ಪಕ್ಕದಲ್ಲಿದ್ದ ಯಾವ ದೇಶದವರೋ ಅದನ್ನೇ ಕಲಿತು ಕೂಗಿದರು.

ಒಂದಕ್ಕೊಂದು ಸಮ ಆಯಿತು. ಆಮೇಲೆ ಒಬ್ಬೊಬ್ಬರೇ ಬಂದು ಒದೆಯುವುದು. ನಮ್ಮವರು ಐದರಲ್ಲಿ ನಾಲ್ಕು ಹೊಡೆದರು. ಅವರದು ಮೂರಾಗಿತ್ತು, ಕೊನೆಯದೊಂದು ಬಾಕಿ. ಅವರ ದಾಂಡಿಗನೊಬ್ಬ ಓಡಿ ಬಂದು ಒದ್ದ. ಗೋಲಿ ಹಾರಲಿಲ್ಲ, ಮಲಗಲಿಲ್ಲ. ಎರಡು ಕೈ ಎತ್ತಿದ್ದ, ಕೈಗಳ ನಡುವಿನಿಂದ ಚೆಂಡು ನೇರ ಬಂದು ಅವನ ಹೊಟ್ಟೆಗೆ ಬಡಿಯಿತು. ಮಧ್ಯಾಹ್ನ ನನ್ನ ಮೂರು ಮುದ್ದೆ ಇಳಿದಿದ್ದ ಹೊಟ್ಟೆ. ಚೆಂಡು ವಾಪಸು ಒದ್ದವನ ಕಾಲಿಗೇ ಹೋಗಿ ಬಿತ್ತು.

ಒಂದು ಗಳಿಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಅವನಿಗೂ ತಿಳಿಯಲಿಲ್ಲ. ಹೊಟ್ಟೆ ಹಿಡಿದುಕೊಂಡು ಹಿಂದೆ ತಿರುಗಿ ಖಾಲಿ ಬಲೆ ನೋಡಿದ. ಆಮೇಲೆ ಕಿರುಚಿದ ನೋಡಿ. ಯಜಮಾನ ಮೈದಾನಕ್ಕೆ ನುಗ್ಗಿ ಖುಷಿಗೆ ಚೆಂಡು ಒದೆಯಲು ಹೋದ, ಮತ್ತೆ ಚಪ್ಪಲಿಯೇ ಹಾರಿತು. ಟೈನವನು ಚಪ್ಪಾಳೆ ತಟ್ಟಲಾಗದೆ ಎರಡು ಮೊಣಕೈ ಬಡಿದ. ಹಾಜಿಯವರು ಗೋಲಿಗೆ ಕಪ್ಪು ಕೊಡುವಾಗ ಅವನ ಅಂಗೈ ನೋಡಿ, ಕಪ್ಪನ್ನು ಕಂಕುಳಿಗೆ ಸಿಕ್ಕಿಸಿದರು.

ಕೆಳಗಿನ ಮಂಚದಲ್ಲಿ ಕಪ್ಪಿಗೆ ಜಾಗವಿಲ್ಲ ಅಂತ ಅವನು ಅದನ್ನು ಹೋಟೆಲಿನಲ್ಲೇ ಬಿಟ್ಟು ಹೋದ.

ಮರುದಿನ ಬೆಳಗ್ಗೆ ಐದಕ್ಕೆ ಎದ್ದೆ. ಪುಸ್ತಕ ತೆಗೆದು, ಬಲೆಯ ಚಿತ್ರವಿದ್ದ ಹಾಳೆಯಲ್ಲಿ ಮುದ್ದೆಯ ಸಾಲಿಗೆ ಅಡ್ಡಗೆರೆ ಎಳೆದೆ, ಸಂದಾಯವಾಯಿತು ಅಂತ. ಟೈನ ಐವತ್ತೊಂದು, ಶೀಶೆಯ ಇಪ್ಪತ್ತೊಂದು ಇನ್ನೂ ಬಾಕಿ ಇದ್ದವು, ಅವನ್ನು ಹಾಗೇ ಬಿಟ್ಟೆ. ಆಮೇಲೆ ಹುಣಸೆಹಣ್ಣು ಹಾಕಿ ಕಪ್ಪನ್ನು ಬೆಳಗಿ, ಒರೆಸಿ, ರಾಗಿಹಿಟ್ಟಿನ ಡಬ್ಬಕ್ಕೆ ಅದ್ದಿ ಅಳೆದು ನೋಡಿದೆ. ತಲೆ ಸವರಿ ಅಳೆದರೆ ಒಂದು ಕಪ್ಪಿಗೆ ಹನ್ನೆರಡು ಮುದ್ದೆಯ ಹಿಟ್ಟು ಹಿಡಿಯಿತು. ಆರು ಕಪ್ಪು ಅಳೆದು ಹಾಕಿ, ನೀರು ಒಲೆಯ ಮೇಲಿಟ್ಟೆ.